ಕಣದ ಬಿಸಿಲು ಮತ್ತು ಚರ್ಮದ ಒಳಚಿತ್ರ

ಪ್ರಶ್ನೆ: ನನಗೆ 48 ವರ್ಷ. ವಿರಾಜಪೇಟೆ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಇಪ್ಪತ್ತು ವರ್ಷಗಳಿಂದ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ನಿಂತು ಕಾಫಿ ಒಣಗಿಸುವ ಕೆಲಸ ನನ್ನದೇ. ಈಗ ಕೆನ್ನೆ, ಕತ್ತಿನ ಚರ್ಮ ಒರಟಾಗಿ ಸುಕ್ಕುಗಟ್ಟಿದೆ, ಕಂದು ಚುಕ್ಕೆಗಳೂ ಎದ್ದಿವೆ. ಚರ್ಮ ಕತ್ತರಿಸದೆಯೇ ಒಳಗಿನ ಹಾನಿಯನ್ನು ನೋಡಬಹುದೆಂದು ಮಗಳು ಹೇಳುತ್ತಾಳೆ. ಇದು ನಿಜವೇ ಡಾಕ್ಟರೇ? ನಮ್ಮ ತಂಪು ಊರಿನ ಬಿಸಿಲಿಗೂ ಹೀಗಾಗುತ್ತದೆಯೇ?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಆದರೆ ಮೊದಲು ತಂಪಿನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಕೊಡಗಿನವರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ಚರ್ಮಕ್ಕೆ ಅಕಾಲದ ಮುಪ್ಪು ತರುವುದು ಮುಖ್ಯವಾಗಿ ಬಿಸಿಲಿನ ಅತಿನೇರಳೆ ಕಿರಣಗಳು. ಗಾಳಿ ತಣ್ಣಗಿದ್ದ ಮಾತ್ರಕ್ಕೆ ಅವು ಕಡಿಮೆಯಾಗುವುದಿಲ್ಲ, ಬದಲಿಗೆ ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು ಶೇ 10ರಷ್ಟು ಹೆಚ್ಚುತ್ತವೆ. ತೋಟದೊಳಗೆ ಸಿಲ್ವರ್ ಓಕ್ ನೆರಳಾದರೂ ಇರುತ್ತದೆ, ಕಣದಲ್ಲಿ ಅದೂ ಇಲ್ಲ.

ಈಗ ಚಿತ್ರದ ವಿಷಯ. ಅತ್ಯಂತ ಸರಳ ಸಾಧನ ಡರ್ಮೋಸ್ಕೋಪ್. ಚುಕ್ಕೆಯನ್ನು ಸುಮಾರು 10 ಪಟ್ಟು ಹಿಗ್ಗಿಸಿ, ಬಣ್ಣ ಹೇಗೆ ಹರಡಿದೆ, ರಕ್ತನಾಳಗಳು ಹೇಗಿವೆ ಎಂಬುದನ್ನು ತೋರಿಸುತ್ತದೆ. ಇನ್ನೂ ಆಳಕ್ಕೆ ಇಳಿಯುವುದು 20 ಮೆಗಾಹರ್ಟ್ಸ್ ಅಥವಾ ಅದಕ್ಕೂ ಮೇಲಿನ ಕಂಪನಾಂಕದ ಅಲ್ಟ್ರಾಸೌಂಡ್. ತತ್ವ ಗರ್ಭಿಣಿಯರ ಸ್ಕ್ಯಾನಿಂಗ್‌ನದೇ, ನೋಡುವುದು ಮಾತ್ರ ಕೆಲವೇ ಮಿಲಿಮೀಟರ್ ಆಳ. ವರ್ಷಗಟ್ಟಲೆ ಬಿಸಿಲು ತಿಂದ ಚರ್ಮದಲ್ಲಿ ಅದಕ್ಕೆ ಬಲ ಕೊಡುವ ಕೊಲಾಜನ್ ನಾರುಗಳು ಸವೆದು, ಅವುಗಳ ಜಾಗದಲ್ಲಿ ಕೆಟ್ಟ ಎಲಾಸ್ಟಿನ್ (ಚರ್ಮಕ್ಕೆ ಹಿಗ್ಗುವ ಗುಣ ಕೊಡುವ ನಾರು) ಮುದ್ದೆಗಟ್ಟುತ್ತದೆ. ಆ ಭಾಗದಿಂದ ಶಬ್ದದ ಅಲೆ ಸರಿಯಾಗಿ ಮರಳದ ಕಾರಣ ಮೇಲ್ಪದರದ ಕೆಳಗೆ ಒಂದು ಕಪ್ಪು ಪಟ್ಟಿ ಕಾಣುತ್ತದೆ. ಬಿಸಿಲು ಕಾಣದ ಒಳತೋಳಿನ ಚಿತ್ರವನ್ನೂ ಜೊತೆಗೇ ತೆಗೆಯುವುದು ಈ ವ್ಯತ್ಯಾಸವನ್ನು ಹೋಲಿಸಿ ನೋಡಲೆಂದೇ. ತೋಟದ ಹಿರಿಯರೊಬ್ಬರು ಆ ಎರಡು ಚಿತ್ರಗಳನ್ನು ಅಕ್ಕಪಕ್ಕ ನೋಡಿ, “ಎರಡೂ ನನ್ನ ಚರ್ಮವೇ?” ಎಂದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆದರೆ ಊತವಿದ್ದಾಗಲೂ ಇಂಥ ಪಟ್ಟಿ ಕಾಣಬಹುದಾದ್ದರಿಂದ ಚಿತ್ರವೊಂದನ್ನೇ ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಅವಕೆಂಪು ಬೆಳಕಿನಿಂದ 1ರಿಂದ 2 ಮಿಲಿಮೀಟರ್ ಆಳದವರೆಗೆ ಪದರಗಳನ್ನು ತೋರಿಸುವ ಓಸಿಟಿ ಎಂಬ ಸ್ಕ್ಯಾನ್, ಜೀವಕೋಶಗಳನ್ನೇ ಕಾಣಿಸುವ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಕೂಡ ಇವೆ. ನಿಮ್ಮ ಸಮಸ್ಯೆಗೆ ಅವುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಚರ್ಮತಜ್ಞರ ಕಣ್ಣು ಮತ್ತು ಡರ್ಮೋಸ್ಕೋಪ್ ಸಾಕು.

ಮುಂದಿನ ಕೊಯ್ಲಿಗೆ ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಧರಿಸಿ. ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಿ. ಬೆವರಿದರೆ ಅದಕ್ಕೂ ಮೊದಲೇ. ನಡು ಮಧ್ಯಾಹ್ನ ಕಾಫಿ ತಿರುವುವುದನ್ನು ಬೆಳಿಗ್ಗೆಗೋ ಸಂಜೆಗೋ ಸರಿಸಲು ಆಗುವುದಾದರೆ ದಯವಿಟ್ಟು ಸರಿಸಿ. ಚುಕ್ಕೆಗಳಲ್ಲಿ ಯಾವುದಾದರೂ ಬೆಳೆಯುತ್ತಿದ್ದರೆ, ಬಣ್ಣ ಬದಲಿಸಿದರೆ, ರಕ್ತ ಜಿನುಗಿದರೆ ಅಥವಾ ಹುಣ್ಣಾಗಿ ವಾರಗಟ್ಟಲೆ ಮಾಯದಿದ್ದರೆ ತಡಮಾಡದೆ ತೋರಿಸಿ. ವೈದ್ಯರು ಬಯಾಪ್ಸಿ (ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷಿಸುವುದು) ಬೇಕೆಂದರೆ, ಚಿತ್ರ ತೆಗೆಸಿದ್ದೇನಲ್ಲ ಎಂದು ಅದನ್ನು ಮುಂದೂಡಬೇಡಿ.