ಓದುಗರ ಕ್ರೀಡಾ ಪ್ರಶ್ನೆಗಳು: ಸೋತ ತಂಡದ ಕೊನೆಯ ಜಾಗ ಯಾರಿಗೆ?

ಪ್ರಶ್ನೆ: ಮಗಳು ಮತ್ತು ಅಳಿಯ ಷಿಕಾಗೋದಲ್ಲಿರುವುದರಿಂದ ನನಗೂ ಅಲ್ಲಿಯ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಮೇಲೆ ಅಭಿಮಾನ ಹುಟ್ಟಿದೆ. ಮಾರ್ಚ್ ತಿಂಗಳಿನಲ್ಲಿ ಬೆಳಗ್ಗೆ ಅಂಗಳದ ಅಡಿಕೆ ಹರಡುವ ಮೊದಲು ಅಭ್ಯಾಸ ಪಂದ್ಯಗಳ ಅಂಕಿಗಳನ್ನು ಫೋನಿನಲ್ಲಿ ನೋಡುತ್ತೇನೆ. ತಿಂಗಳಿಡೀ ಚೆನ್ನಾಗಿ ಹೊಡೆದ ಹುಡುಗನನ್ನು ಕೊನೆಗೆ ಕೆಳಗಿನ ತಂಡಕ್ಕೆ ಕಳುಹಿಸಿ, ಅವನ ಅರ್ಧದಷ್ಟೂ ಹೊಡೆಯದವನನ್ನು ಉಳಿಸಿಕೊಳ್ಳುತ್ತಾರಲ್ಲ, ಇದು ಯಾವ ನ್ಯಾಯ? ಹೇಗಿದ್ದರೂ ಸೋಲುವ ತಂಡ, ಒಳ್ಳೆಯವನನ್ನೇ ಆಡಿಸಬಾರದೇ? (ನಿವೃತ್ತ ಅಧ್ಯಾಪಕರು, ಬದಿಯಡ್ಕ)

ಉತ್ತರ: ಮಾನ್ಯರೇ, ಕೊನೆಯ ಜಾಗ ಚೆನ್ನಾಗಿ ಆಡಿದವನಿಗೇ ಸಲ್ಲಬೇಕು ಎಂದು ತಾವು ನಂಬಿದ್ದೀರಿ. ಆದರೆ ಹೊಸದಾಗಿ ತಂಡ ಕಟ್ಟುತ್ತಿರುವವರು ಮಾರ್ಚ್ ಕೊನೆಯ ವಾರದಲ್ಲಿ ಕೇಳಿಕೊಳ್ಳುವ ಪ್ರಶ್ನೆಯೇ ಬೇರೆ: ಈ ಇಬ್ಬರಲ್ಲಿ ಯಾರನ್ನು ಬಿಟ್ಟರೆ ನಾಳೆ ಬೇಕೆಂದರೂ ಸಿಗುವುದಿಲ್ಲ?

ಬೇಸ್‌ಬಾಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನ ಪ್ರತಿಯೊಂದು ತಂಡಕ್ಕೂ ಎರಡು ಪಟ್ಟಿಗಳಿವೆ. ಪಂದ್ಯಕ್ಕೆ ಲಭ್ಯರಿರುವವರು 26 ಮಂದಿ. ಅವರಲ್ಲಿ ಚೆಂಡೆಸೆಯುವ ಪಿಚರ್‌ಗಳು 13 ಮಂದಿಗಿಂತ ಹೆಚ್ಚಿರುವಂತಿಲ್ಲ. ಈ 26 ಮಂದಿಯೂ ಸೇರಿದಂತೆ, ಸಂಸ್ಥೆ ತನ್ನವರೆಂದು ಕಾಯ್ದುಕೊಂಡ 40 ಮಂದಿಯ ದೊಡ್ಡ ಪಟ್ಟಿ ಇದೆ. ದೊಡ್ಡ ಪಟ್ಟಿಯಲ್ಲಿರುವ ಆಟಗಾರನನ್ನು ಸಾಮಾನ್ಯವಾಗಿ ಮೂರು ಋತುಗಳವರೆಗೆ ಕೆಳ ಹಂತದ ಲೀಗಿಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳುವ ಅವಕಾಶವಿದ್ದು, ಇದನ್ನು ಆಪ್ಷನ್ ಎನ್ನುತ್ತಾರೆ. ಆ ಮೂರೂ ಮುಗಿದ ಮೇಲೆ ಅವನನ್ನು ಕೆಳಗಿಳಿಸಬೇಕಾದರೆ ಮೊದಲು ಉಳಿದ 29 ತಂಡಗಳ ಮುಂದೆ ಇಡಬೇಕಾಗುತ್ತದೆ. ಯಾರಾದರೂ ಕೈ ಎತ್ತಿದರೆ ಅವನು ಅವರವನಾದ. ಈ ವ್ಯವಸ್ಥೆಗೆ ವೇವರ್ ಎಂದು ಹೆಸರು. ತಾವು ನೋಡಿದ, ಚೆನ್ನಾಗಿ ಹೊಡೆದ ಹುಡುಗನಿಗೆ ಆಪ್ಷನ್ ಉಳಿದಿದ್ದು, ಕಡಿಮೆ ಹೊಡೆದವನಿಗೆ ಮುಗಿದಿದ್ದರೆ, ಮೊದಲನೆಯವನನ್ನು ಕಳುಹಿಸಿದಾಗ ತಂಡ ಇಬ್ಬರನ್ನೂ ಉಳಿಸಿಕೊಳ್ಳುತ್ತದೆ, ಎರಡನೆಯವನನ್ನು ಇಳಿಸಿದರೆ ಅವನನ್ನು ಕಳೆದುಕೊಳ್ಳುವ ಅಪಾಯವಿರುತ್ತದೆ. ಪಟ್ಟಿಯಲ್ಲೇ ಇಲ್ಲದೆ ಬರೀ ಆಹ್ವಾನದ ಮೇಲೆ ಶಿಬಿರಕ್ಕೆ ಬಂದವನು ಎಷ್ಟೇ ಚೆನ್ನಾಗಿ ಆಡಿದರೂ, ಅವನಿಗಾಗಿ 40ರ ಪಟ್ಟಿಯಿಂದ ಇನ್ನೊಬ್ಬನ ಹೆಸರನ್ನು ಅಳಿಸಬೇಕಾದೀತು ಎಂಬುದನ್ನೂ ಗಮನಿಸಬೇಕು.

ಅಭ್ಯಾಸ ಪಂದ್ಯಗಳ ಅಂಕಿಗಳನ್ನು ನಂಬಬಾರದು ಎನ್ನುವುದಕ್ಕೂ ಕಾರಣಗಳಿವೆ. ವೈಟ್ ಸಾಕ್ಸ್ ತಂಡದ ಶಿಬಿರ ಅರಿಜೋನಾದ ಗ್ಲೆಂಡೇಲ್‌ನಲ್ಲಿ ನಡೆಯುತ್ತದೆ. ಅಲ್ಲಿಯ ಒಣಗಾಳಿಯಲ್ಲಿ ಹೊಡೆದ ಚೆಂಡು ದೂರ ಹೋಗುತ್ತದೆ, ತಿರುಗಬೇಕಾದ ಚೆಂಡು ತಿರುಗುವುದು ಕಡಿಮೆ. ಎದುರಾಳಿ ಪಿಚರ್ ಗೆಲ್ಲಲೆಂದು ಬಂದಿರುವುದಿಲ್ಲ. ಚಳಿಗಾಲದಲ್ಲಿ ಕಲಿತ ಹೊಸ ಎಸೆತವೊಂದನ್ನು ಪರೀಕ್ಷಿಸುತ್ತಿರುತ್ತಾನೆ. ಏಳನೆಯ ಇನ್ನಿಂಗ್ಸ್ ಹೊತ್ತಿಗೆ ಅನುಭವಿಗಳೆಲ್ಲ ಎದ್ದುಹೋಗಿ, ಬೆನ್ನ ಮೇಲೆ 80ರ ಆಚೀಚಿನ ಸಂಖ್ಯೆ ಹೊತ್ತ ಹುಡುಗರು ಮೈದಾನದಲ್ಲಿರುತ್ತಾರೆ. ಅಂಥ ಐವತ್ತು ಸರದಿಗಳಲ್ಲಿ ಹೊಡೆದದ್ದರಿಂದ 162 ಪಂದ್ಯಗಳ ಋತುವನ್ನು ಅಳೆಯಲಾಗುವುದಿಲ್ಲ.

"ಹೇಗಿದ್ದರೂ ಸೋಲುವ ತಂಡ" ಎಂದು ತಾವು ಬರೆದ ಮಾತಿನಲ್ಲೇ ನಿಜವಾದ ಉತ್ತರ ಇದೆ ಎಂದು ನನಗೆ ತೋರುತ್ತದೆ. ಗೆಲ್ಲುವ ತಂಡಕ್ಕೆ ಇಲ್ಲದ ಒಂದು ಸಂಪತ್ತು ಸೋಲುವ ತಂಡಕ್ಕಿದೆ. ಖಾಲಿ ಜಾಗ ಮತ್ತು ಕಾಯುವ ಪುರುಸೊತ್ತು. 1999ರ ಡಿಸೆಂಬರಿನಲ್ಲಿ ಹ್ಯೂಸ್ಟನ್ ಸಂಸ್ಥೆಯು ಯೋಹಾನ್ ಸಾಂಟಾನಾ ಎಂಬ ವೆನೆಜುವೆಲಾದ ಎಡಗೈ ಹುಡುಗನನ್ನು ತನ್ನ 40ರ ಪಟ್ಟಿಗೆ ಸೇರಿಸದೆ ಬಿಟ್ಟಿತ್ತು. ಹಾಗೆ ಬಿಟ್ಟವರನ್ನು ಬೇರೆ ತಂಡಗಳು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಗೆ ರೂಲ್ ಫೈವ್ ಡ್ರಾಫ್ಟ್ ಎಂದು ಹೆಸರು. ಆರಿಸಿಕೊಂಡ ತಂಡವು ಅವನನ್ನು ಇಡೀ ಋತು ಮೇಲಿನ ಪಟ್ಟಿಯಲ್ಲೇ ಇಟ್ಟುಕೊಳ್ಳಬೇಕು, ಇಳಿಸುವುದಾದರೆ ಮೊದಲಿನ ಸಂಸ್ಥೆಗೆ ಮರಳಿ ಕೊಡಲು ಸಿದ್ಧವಿರಬೇಕು ಎಂಬುದು ಅದರ ಷರತ್ತು. ಸಾಂಟಾನಾ ಹೀಗೆ ಮಿನೆಸೋಟಾ ತಂಡಕ್ಕೆ ಬಂದ. 2000ದಲ್ಲಿ ಅವನು ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ 6.49 ರನ್ ಬಿಟ್ಟುಕೊಟ್ಟ. ಗೆಲ್ಲಲು ಹೊರಟ ಯಾವ ತಂಡವೂ ಅಂಥ ಪಿಚರ್‌ನನ್ನು ಮೇ ತಿಂಗಳಿನಾಚೆಗೆ ಇಟ್ಟುಕೊಳ್ಳುತ್ತಿರಲಿಲ್ಲ. ಆ ವರ್ಷ 93 ಪಂದ್ಯ ಸೋತ ಮಿನೆಸೋಟಾ ಇಟ್ಟುಕೊಂಡಿತು. 2004 ಮತ್ತು 2006ರಲ್ಲಿ ಅದೇ ಸಾಂಟಾನಾ ತನ್ನ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಪಡೆದ.

ತಮ್ಮ ವೈಟ್ ಸಾಕ್ಸ್ ಮಾಡಿದ್ದೂ ಇದನ್ನೇ. 2024ರಲ್ಲಿ 121 ಪಂದ್ಯಗಳನ್ನು ಸೋತು ಆಧುನಿಕ ಬೇಸ್‌ಬಾಲಿನ ಅತ್ಯಂತ ಹೆಚ್ಚು ಸೋಲಿನ ದಾಖಲೆಯನ್ನು ಹೊತ್ತ ಆ ತಂಡ, ಡಿಸೆಂಬರಿನ ಆಯ್ಕೆಯಲ್ಲಿ ಮೊದಲ ಸರದಿ ಸಿಕ್ಕಾಗ ಮಿಲ್ವಾಕೀ ಸಂಸ್ಥೆಯ ಶೇನ್ ಸ್ಮಿತ್ ಎಂಬ ಪಿಚರ್‌ನನ್ನು ತೆಗೆದುಕೊಂಡಿತು. ಮೇಜರ್ ಲೀಗಿನಲ್ಲಿ ಒಂದು ಚೆಂಡನ್ನೂ ಎಸೆದಿರದ ಅವನು 2025ರ ಆರಂಭಕ್ಕೆ ಪಟ್ಟಿಯಲ್ಲಿದ್ದ. ಜುಲೈ ಹೊತ್ತಿಗೆ, ಋತುವಿನ ಶ್ರೇಷ್ಠ ಆಟಗಾರರು ಸೇರಿ ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ಆದರೆ ಅದೇ 2025ರ ಮಾರ್ಚಿನಲ್ಲಿ, ಸಂಸ್ಥೆಯ ಭವಿಷ್ಯವೆನಿಸಿದ್ದ ಎಡ್ಗರ್ ಕೆರೊ ಮತ್ತು ಕೈಲ್ ಟೀಲ್ ಎಂಬ ಇಬ್ಬರು ಕ್ಯಾಚರ್‌ಗಳನ್ನು (ಹೊಡೆಯುವವನ ಹಿಂದೆ ಕುಳಿತು ಪಿಚರ್ ಎಸೆದ ಚೆಂಡನ್ನು ಹಿಡಿಯುವವರು) ಕೆಳಗಿನ ಶಾರ್ಲೆಟ್ ತಂಡಕ್ಕೆ ಕಳುಹಿಸಿ, ಮೇಲೆ ಬೇರೆ ಇಬ್ಬರನ್ನು ಇಟ್ಟುಕೊಂಡರು. ಕೆರೊ ಏಪ್ರಿಲ್‌ನಲ್ಲಿ, ಟೀಲ್ ಜೂನ್‌ನಲ್ಲಿ ಮೇಲೆ ಬಂದರು. ನಮ್ಮ ಕಡೆ ಅಡಿಕೆ ಸಸಿ ನೆಟ್ಟ ಮೇಲೆ ನಡುವೆ ಬಾಳೆ ಹಾಕುವುದು ತಮಗೆ ತಿಳಿದೇ ಇದೆ. ಬಾಳೆ ಎರಡು ಗೊನೆ ಕೊಟ್ಟು ಹೋಗುತ್ತದೆ, ಅಷ್ಟರವರೆಗೆ ಎಳೆಯ ಸಸಿಗೆ ನೆರಳಾಗಿರುತ್ತದೆ. ಒಂದು ವರ್ಷದ ಕರಾರಿನ ಮೇಲೆ ಬಂದು ಜುಲೈ ಕೊನೆಯ ವಿನಿಮಯದಲ್ಲಿ ಬೇರೆ ತಂಡಕ್ಕೆ ಹೋಗುವ ಅನುಭವಿ ಆಟಗಾರರು ಇಂಥ ತಂಡದಲ್ಲಿ ಮಾಡುವ ಕೆಲಸ ಅದೇ. ಬಾಳೆಯನ್ನು ನೋಡಿ ತೋಟದ ಲೆಕ್ಕ ಹಾಕಬೇಡಿ.

ಪ್ರಶ್ನೆ: ನಮ್ಮ ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಐಪಿಎಲ್ ತಂಡಕ್ಕೆ ಆಯ್ಕೆಯಾದಾಗ ಕೊನೆಯವರೆಗೂ ತಂಡದ ಜೊತೆಗೇ ಇದ್ದರು. ಬೇಸ್‌ಬಾಲಿನಲ್ಲಿ "ಕೆಳಗೆ ಕಳುಹಿಸುವುದು" ಎಂದರೆ ಮನೆಗೆ ಕಳುಹಿಸಿದ ಹಾಗೆಯೇ? (ಕಾಲೇಜು ವಿದ್ಯಾರ್ಥಿ, ಕಾಸರಗೋಡು)

ಉತ್ತರ: ಅಲ್ಲ. 2021ರ ಜನವರಿಯಲ್ಲಿ ವಾಂಖೆಡೆ ಕ್ರೀಡಾಂಗಣದಲ್ಲಿ ಮುಂಬೈ ವಿರುದ್ಧ 54 ಎಸೆತಗಳಿಗೆ ಅಜೇಯ 137 ರನ್ ಹೊಡೆದ ಅಜರುದ್ದೀನ್ ಅವರನ್ನು ಬೆಂಗಳೂರು ತಂಡ 20 ಲಕ್ಷ ರೂಪಾಯಿಗೆ ತೆಗೆದುಕೊಂಡಿತಾದರೂ ಆ ಋತುವಿನಲ್ಲಿ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ ಎಂಬುದು ನಮಗೆಲ್ಲ ಬೇಸರದ ನೆನಪು. ಬೇಸ್‌ಬಾಲಿನಲ್ಲಿ ಕೆಳಗೆ ಹೋದವನು ಮರುದಿನದಿಂದಲೇ ಪಂದ್ಯ ಆಡುತ್ತಾನೆ. ಪ್ರತಿ ಸಂಸ್ಥೆಗೂ ಕೆಳ ಹಂತಗಳಲ್ಲಿ ತನ್ನವೇ ತಂಡಗಳಿದ್ದು, ಎಲ್ಲಕ್ಕಿಂತ ಮೇಲಿನದು ಟ್ರಿಪಲ್-ಎ. ಬೆಂಚಿನ ಮೇಲೆ ಕೂರುವುದಕ್ಕಿಂತ ಅಲ್ಲಿ ದಿನವೂ ಆಡುವುದು ಇಪ್ಪತ್ತೆರಡರ ಹುಡುಗನಿಗೆ ಒಳ್ಳೆಯದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸಂಬಳದ ಅಂತರ ದೊಡ್ಡದು: 2025ರಲ್ಲಿ ಮೇಲಿನವರ ಕನಿಷ್ಠ ವಾರ್ಷಿಕ ಸಂಬಳ 7,60,000 ಡಾಲರ್ ಇತ್ತು, 2023ರ ಒಪ್ಪಂದದಲ್ಲಿ, 40ರ ಪಟ್ಟಿಯಲ್ಲಿಲ್ಲದ ಟ್ರಿಪಲ್-ಎ ಆಟಗಾರನಿಗೆ ಗೊತ್ತುಪಡಿಸಿದ ಕನಿಷ್ಠ ಸಂಬಳ 35,800 ಡಾಲರ್. ಪಟ್ಟಿಯ 26ನೆಯವನಿಗೂ 27ನೆಯವನಿಗೂ ನಡುವೆ ಇಷ್ಟು ದೂರವಿರಬಹುದು.

ಪ್ರಶ್ನೆ: ಒಳ್ಳೆಯ ಆಟಗಾರರನ್ನು ದುಡ್ಡು ಉಳಿಸಲು ಬೇಕೆಂದೇ ಕೆಲವು ವಾರ ಕೆಳಗೆ ಇಡುತ್ತಾರೆ ಎಂದು ಅಣ್ಣ ಹೇಳುತ್ತಾನೆ. ನಿಜವೇ? (ಓದುಗರು, ಕುಂಬಳೆ)

ಉತ್ತರ: ನಿಜ, ತಂಗಿ. ಮೇಲಿನ ಪಟ್ಟಿಯಲ್ಲಿ 172 ದಿನ ಇದ್ದರೆ ಅದು ಒಂದು ವರ್ಷದ ಸೇವೆ ಎಂದು ಲೆಕ್ಕ. ಅಂಥ ಆರು ವರ್ಷ ತುಂಬಿದ ಮೇಲೆ ಮಾತ್ರ ಆಟಗಾರ ತನಗೆ ಬೇಕಾದ ತಂಡವನ್ನು ಸೇರಲು ಸ್ವತಂತ್ರ. ಋತುವಿನ ಆರಂಭದಲ್ಲಿ ಸುಮಾರು ಎರಡು ವಾರ ಕೆಳಗಿಟ್ಟರೆ ಆ ವರ್ಷ ಪೂರ್ತಿಯಾಗುವುದಿಲ್ಲ, ಸಂಸ್ಥೆಗೆ ಅವನ ಏಳನೆಯ ವರ್ಷವೂ ಸಿಗುತ್ತದೆ. ಅದೇ ಷಿಕಾಗೋದ ಇನ್ನೊಂದು ತಂಡವಾದ ಕಬ್ಸ್, ವರ್ಷಗಳ ಸೋಲಿನ ನಂತರ ಮೇಲೇಳುತ್ತಿದ್ದಾಗ, ಅದರ ಯುವ ಆಟಗಾರ ಕ್ರಿಸ್ ಬ್ರಯಂಟ್ 2015ರ ಅಭ್ಯಾಸ ಪಂದ್ಯಗಳಲ್ಲಿ 9 ಹೋಮ್ ರನ್ (ಕ್ರಿಕೆಟಿನ ಸಿಕ್ಸರಿನಂಥ ಹೊಡೆತ) ಹೊಡೆದರು. ಅಭ್ಯಾಸ ಪಂದ್ಯಗಳ ಅಂಕಿಯನ್ನು ನಂಬಬಾರದು ಎಂದು ಮೇಲೆ ಬರೆದೆನಾದರೂ, ಬ್ರಯಂಟ್ ಸಿದ್ಧರಿದ್ದಾರೆ ಎನ್ನಲು ಹಿಂದಿನ ವರ್ಷ ಕೆಳ ಹಂತಗಳಲ್ಲಿ ಅವರು ಆಡಿದ ಆಟವೇ ಸಾಕಿತ್ತು. ಆದರೂ ರಕ್ಷಣೆಯ ಆಟ ಸುಧಾರಿಸಬೇಕು ಎಂಬ ಕಾರಣ ಕೊಟ್ಟು ಕೆಳಗೆ ಕಳುಹಿಸಿ, ಏಪ್ರಿಲ್ 17ಕ್ಕೆ ಕರೆಸಿಕೊಂಡರು. ವರ್ಷದ ಕೊನೆಗೆ ಅವರ ಸೇವೆಯ ದಿನಗಳು 171. ಒಂದು ದಿನ ಕಡಿಮೆ! ಅದೇ ವರ್ಷ ಅವರು ಲೀಗಿನ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿ ಗಳಿಸಿದರು, ಮರುವರ್ಷ ಕಬ್ಸ್ 108 ವರ್ಷಗಳ ಬಳಿಕ ಮೇಜರ್ ಲೀಗಿನ ಅಂತಿಮ ಸರಣಿಯಾದ ವಿಶ್ವ ಸರಣಿಯನ್ನು ಗೆದ್ದಿತು. ತಮ್ಮನ್ನು ಹೀಗೆ ಕೆಳಗಿಟ್ಟದ್ದರ ವಿರುದ್ಧ ಬ್ರಯಂಟ್ ಸಲ್ಲಿಸಿದ ದೂರು 2020ರಲ್ಲಿ ತಿರಸ್ಕೃತವಾಯಿತು.

ನಿಯಮದೊಳಗೇ ನಡೆದದ್ದು ಎಂದು ಇದನ್ನು ಸಮರ್ಥಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಆಪ್ಷನ್ ಮುಗಿದವನನ್ನು ಉಳಿಸಿಕೊಳ್ಳಲೆಂದು ಒಬ್ಬನನ್ನು ಇಳಿಸುವುದು ತಂಡ ಕಟ್ಟುವ ಕೆಲಸ. ಸಿದ್ಧನಾದವನಿಗೆ ನೀನಿನ್ನೂ ಸಿದ್ಧನಲ್ಲ ಎಂದು ಹೇಳುವುದು ಸುಳ್ಳು, ಮತ್ತು ಅದನ್ನು ಕೇಳಿಸಿಕೊಳ್ಳುವವನಿಗೆ ಅದು ಸುಳ್ಳೆಂದು ಗೊತ್ತಿರುತ್ತದೆ. 2022ರ ಒಪ್ಪಂದದ ನಂತರ ಸ್ವಲ್ಪ ಸುಧಾರಣೆ ಆಗಿದೆ. ಹೊಸ ಆಟಗಾರರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ ತಡವಾಗಿ ಬಂದಿದ್ದರೂ ಪೂರ್ಣ ವರ್ಷದ ಸೇವೆಯನ್ನು ಕೊಡುತ್ತಾರೆ. 2024ರ ಮೇ 11ರಂದು ಮೊದಲ ಪಂದ್ಯ ಆಡಿದ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್ ಅವರಿಗೆ ಹಾಗೆ ಸಿಕ್ಕಿತು. ಉಳಿದವರಿಗೆ ಲೆಕ್ಕ ಹಳೆಯದೇ.

ಪ್ರಶ್ನೆ: ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ ನಾನು. ನಮ್ಮ ಕಬಡ್ಡಿ ತಂಡದ ಹಿರಿಯರೆಲ್ಲ ಈ ವರ್ಷ ಕಲಿತು ಹೋದರು, ಹೊಸದಾಗಿ ಕಟ್ಟಬೇಕಾಗಿದೆ. ಉಪಜಿಲ್ಲಾ ಕೂಟಕ್ಕೆ ಹನ್ನೊಂದು ಹೆಸರುಗಳು ಖಚಿತವಾಗಿವೆ. ಹನ್ನೆರಡನೆಯ ಜಾಗಕ್ಕೆ ಇಬ್ಬರಿದ್ದಾರೆ: ಹತ್ತನೆಯ ತರಗತಿಯ ಸಾಧಾರಣ ರೈಡರ್ ಒಬ್ಬ, ಎಂಟನೆಯ ತರಗತಿಯ ಎತ್ತರದ, ಇನ್ನೂ ಒರಟಾದ ಕಾರ್ನರ್ ಆಟಗಾರ ಒಬ್ಬ. ತಾವು ಬರೆಯುವ ಬೇಸ್‌ಬಾಲಿನ ಲೆಕ್ಕದಲ್ಲಿ ಯಾರನ್ನು ತೆಗೆದುಕೊಳ್ಳಬೇಕು? (ಶಿಕ್ಷಕರು, ಮಂಜೇಶ್ವರ)

ಉತ್ತರ: ಮಾಷ್ಟ್ರೇ, ಆ ಲೆಕ್ಕವನ್ನು ಇದ್ದ ಹಾಗೆಯೇ ತಂದರೆ ಎಡವುತ್ತೇವೆ. ಎಂಟನೆಯವನು ಇನ್ನೂ ಎರಡು ವರ್ಷ ನಿಮ್ಮ ಬಳಿಯೇ ಇರುತ್ತಾನೆ, ಬೇಸ್‌ಬಾಲಿನ ಮಾತಿನಲ್ಲಿ ಹೇಳುವುದಾದರೆ ಅವನಿಗೆ ಆಪ್ಷನ್ ಇದೆ. ಹತ್ತನೆಯವನಿಗೆ ಇದೇ ಕೊನೆ. ಆ ಪ್ರಕಾರ ಹತ್ತನೆಯವನನ್ನು ಸೇರಿಸಿ ಎಂಟನೆಯವನನ್ನು ಕಾಯಿಸಬೇಕು. ಆದರೆ ಬೇಸ್‌ಬಾಲಿನಲ್ಲಿ ಕಾಯುವವನಿಗೆ ಶಾರ್ಲೆಟ್‌ನಂತಹ ಊರಿದೆ, ದಿನವೂ ಪಂದ್ಯವಿದೆ. ನಿಮ್ಮ ಎಂಟನೆಯವನು ಕೈಬಿಟ್ಟುಹೋದರೆ ಅವನಿಗೆ ಉಳಿಯುವುದು ಸಂಜೆ ಶಾಲೆಯ ಅಂಕಣದಲ್ಲಿ ಗೆಳೆಯರ ಜೊತೆಗಿನ ಆಟ ಮಾತ್ರ.

ಆದ್ದರಿಂದ ನೀವು ಮೊದಲು ನಿರ್ಧರಿಸಬೇಕಾದದ್ದು ಇಷ್ಟು: ಏಳು ಮಂದಿ ಆಡುವಾಗ ಹೊರಗೆ ಕೂರುವ ಐವರಲ್ಲಿ ಈ ಹನ್ನೆರಡನೆಯವನನ್ನು ನೀವು ನಿಜವಾಗಿಯೂ ಕಣಕ್ಕಿಳಿಸುವಿರೇ? ಒಂದು ಪಂದ್ಯದ ದ್ವಿತೀಯಾರ್ಧವಾದರೂ ಎಡ ಮೂಲೆಯನ್ನು ಎಂಟನೆಯವನಿಗೆ ಬಿಟ್ಟುಕೊಡುವ, ಅವನು ಆತುರಪಟ್ಟು ಕಾಲು ಹಿಡಿಯಲು ನುಗ್ಗಿ ಮೂರು ಅಂಕ ಕಳೆದರೂ ಹೊರಗೆ ಕರೆಯದಿರುವ ಧೈರ್ಯ ನಿಮಗಿದ್ದರೆ, ಅವನನ್ನೇ ತೆಗೆದುಕೊಳ್ಳಿ. ಮಿನೆಸೋಟಾ ಸಾಂಟಾನಾನಿಗೆ ಕೊಟ್ಟದ್ದು ಅದನ್ನೇ. ಬರೀ ನೀರಿನ ಬಾಟಲಿ ಹಿಡಿದು ಕೂರಿಸುವುದಾದರೆ ಆ ಜಾಗ ಹತ್ತನೆಯವನಿಗೆ ಸಲ್ಲಲಿ. ಮೂರು ವರ್ಷ ಬೆವರು ಸುರಿಸಿದವನು ಒಮ್ಮೆ ಶಾಲೆಯ ಜೆರ್ಸಿ ತೊಡುವುದು ಸಣ್ಣ ವಿಷಯವಲ್ಲ.

ನಾನು ಕಲಿತ ಶಾಲೆಯಲ್ಲಿ ಆಯ್ಕೆಯ ಹಾಳೆಯನ್ನು ಅನ್ನದ ಅಗುಳು ಉಜ್ಜಿ ಕಚೇರಿಯ ಹೊರಗೋಡೆಗೆ ಅಂಟಿಸುತ್ತಿದ್ದರು. ಆ ವರ್ಷ ನಾನು ಮೇಲಿನಿಂದ ಕೆಳಗೆ ಓದಿ, ಹನ್ನೆರಡಕ್ಕೆ ಹಾಳೆ ಮುಗಿದಾಗ, ಹಿಂಬದಿಯಲ್ಲಿ ಇನ್ನೇನಾದರೂ ಬರೆದಿರಬಹುದೇ ಎಂದು ಅಂಟು ಒಣಗದ ಮೂಲೆಯನ್ನು ಎತ್ತಿ ನೋಡಿದೆ. ಬೆರಳಿಗೆ ಅಗುಳು ಮೆತ್ತಿಕೊಂಡಿತು. ಯಾಕೆ ನಾನಲ್ಲ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮರುವರ್ಷ ಅಂಕಣದ ಕಡೆಗೇ ಹೋಗಲಿಲ್ಲ. ಬೇಸ್‌ಬಾಲ್ ಶಿಬಿರದಲ್ಲಿ ಕೆಳಗೆ ಹೋಗುವವನನ್ನು ವ್ಯವಸ್ಥಾಪಕರು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಮುಖ ನೋಡಿ ಹೇಳುವ ರೂಢಿಯಿದೆ. ಹೆಸರುಗಳನ್ನು ಪ್ರಕಟಿಸುವ ಮೊದಲು ನೀವೂ ಹಾಗೆ ಆ ಹದಿಮೂರನೆಯವನನ್ನು ಕರೆಯಿರಿ. ಎಂಟನೆಯವನಾದರೆ, ಬರುವ ಜೂನಿನೊಳಗೆ ಅವನು ಏನು ಕಲಿತಿರಬೇಕು, ಸೊಂಟ ಎಷ್ಟು ಬಗ್ಗಬೇಕು, ಯಾವ ಕಾಲು ಮುಂದಿರಬೇಕು ಎಂಬುದನ್ನು ಅಂಕಣದಲ್ಲಿ ನಿಂತು ತೋರಿಸಿ. ಹತ್ತನೆಯವನಾದರೆ, ಕೂಟದ ದಿನ ತಂಡದ ಜೊತೆ ಬಸ್ಸಿನಲ್ಲಿ ಬಂದು ಎದುರು ತಂಡದ ರೈಡರ್‌ಗಳು ಯಾವ ಕಡೆಯಿಂದ ಏರುತ್ತಾರೆ ಎಂಬುದನ್ನು ಗಮನಿಸಿ ನಿಮಗೆ ಹೇಳುವ ಕೆಲಸವನ್ನು ಅವನಿಗೆ ಕೊಡಿ.