ಕಡಿದ ಲಂಟಾನ ಮತ್ತೆ ಚಿಗುರಿದಾಗ: ಸಂರಕ್ಷಣಾ ಕಾರ್ಯಕರ್ತರೊಬ್ಬರ ಬಳಲಿಕೆ

(ಗುರುತು ಸಿಗದಂತೆ ವಯಸ್ಸು, ಊರು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಇಪ್ಪತ್ತೆಂಟರ ಯುವಕ. ಚಾಮರಾಜನಗರ ಜಿಲ್ಲೆಯ ಕಾಡಂಚಿನಲ್ಲಿ ಸಣ್ಣ ಟ್ರಸ್ಟ್ ಒಂದರ ಸುಪರ್ದಿಯಲ್ಲಿರುವ ಪಾಳು ಜಮೀನಿಗೆ ಕ್ಷೇತ್ರ ಸಂಯೋಜಕ. ಕಾಡನ್ನು ಆವರಿಸುವ ಹೊರದೇಶದ ಮುಳ್ಳುಪೊದೆ ಲಂಟಾನವನ್ನು ತೆಗೆಸಿ ಹುಲ್ಲು, ದಿಂಡಿಗ, ನೆಲ್ಲಿ, ಹೊನ್ನೆ ಮರಳಿ ಬರುವಂತೆ ನೋಡಿಕೊಳ್ಳುವುದು ಕೆಲಸ. ನಸುಕಿನ ಮೂರಕ್ಕೇ ಎಚ್ಚರ, ಕೂಲಿಯವರ ಮೇಲೆ ಸಿಡುಕು, ಜಮೀನಿನ ಕಡೆ ಹೋಗಲು ಮನಸ್ಸಿಲ್ಲ ಎಂದು ನಮ್ಮ ಬಳಿ ಆಪ್ತಸಲಹೆಗೆ ಬಂದಿದ್ದರು. ಮನೆಯಲ್ಲಿ 'ಡಿಗ್ರಿ ಓದಿ ಮುಳ್ಳು ಕೀಳೋ ಕೆಲಸಾನಾ' ಎಂಬ ಮಾತು ಬೇರೆ.

ಖಿನ್ನತೆಯ ಮಟ್ಟ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 8 ಅಂಕ ಬಂತು, ಅಂದರೆ ಸೌಮ್ಯ ಮಟ್ಟ. ಸಾವಿನ ಯೋಚನೆ ಕುರಿತ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ರಜೆಯಲ್ಲಿ ಅಕ್ಕನ ಮನೆಗೆ ಹೋದಾಗ ಚೆನ್ನಾಗಿ ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಹಿಂತಿರುಗುವ ದಿನ ಎದೆ ಭಾರ. ದಣಿವು, ಕೆಲಸದ ಬಗ್ಗೆ ಬೇಸರದ ದೂರ, 'ನನ್ನಿಂದ ಏನೂ ಆಗುತ್ತಿಲ್ಲ' ಎಂಬ ಭಾವ, ಮೂರೂ ಕೆಲಸಕ್ಕೇ ಅಂಟಿಕೊಂಡಿವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾದ ಐಸಿಡಿ-11 ಇಂಥ ಬಳಲಿಕೆಯನ್ನು ಕಾಯಿಲೆಗಳ ಪಟ್ಟಿಗೆ ಸೇರಿಸದೆ ಉದ್ಯೋಗ ಸಂಬಂಧಿ ವಿದ್ಯಮಾನ ಎಂದೇ ಗುರುತಿಸುತ್ತದೆ. ಹಾಗಾಗಿ ಮಾತು ಮನಸ್ಸಿನಿಂದ ನೆಲದ ಕಡೆ ತಿರುಗಿತು.

ಅವರ ಫೋನಿನಲ್ಲಿದ್ದ ಒಂದು ಫೋಟೋ ಬಹಳ ಹೇಳಿತು. ಮಚ್ಚಿನಿಂದ ಮೊಣಕಾಲೆತ್ತರಕ್ಕೆ ಕಡಿದ ಲಂಟಾನದ ಬುಡ. ಅದರ ಸುತ್ತ ಏಳೆಂಟು ಹೊಸ ಚಿಗುರು, ತುದಿಯಲ್ಲಿ ಆಗಲೇ ಮೊಗ್ಗು. ಕೂಲಿ ಎಕರೆ ಲೆಕ್ಕದಲ್ಲಿದ್ದಾಗ ಬೇಗ ಮುಗಿಯುವುದು ಮಚ್ಚಿನ ಕೆಲಸವೇ. ಆದರೆ ಬುಡ ಉಳಿದರೆ ಲಂಟಾನ ಮೊದಲಿಗಿಂತ ದಟ್ಟವಾಗುತ್ತದೆ, ಬೆಂಕಿ ಕೊಟ್ಟರೂ ಹಾಗೆಯೇ. ವರದಿಯಲ್ಲಿ 'ಆರು ಎಕರೆ ಸ್ವಚ್ಛ' ಎಂದು ಬರೆದವರಿಗೆ ಎರಡನೇ ಮಳೆಗೆ ಅದೇ ಆರು ಎಕರೆ ಹಸಿರು ಗೋಡೆಯಾಗಿ ಎದುರಾದರೆ ನಿದ್ದೆ ಹೋಗುವುದು ಸಹಜ. ಇವರ ಸಂಕಟದ ಬೇರು ಇರುವುದು ಈ ಅಳತೆಗೋಲಿನಲ್ಲಿ.

ಕೊಟ್ಟ ಸಲಹೆಯಲ್ಲಿ ಅರ್ಧ ಕೆಲಸದ ಬಗ್ಗೆಯೇ ಇತ್ತು. ಈ ವರ್ಷ ಹೊಸ ಎಕರೆಗಳನ್ನು ಆದಷ್ಟು ಕಡಿಮೆ ಮಾಡಿ. ಇರುವ ಜಾಗದಲ್ಲಿ ಪಿಕಾಸಿಯಿಂದ ಬುಡದ ಮಣ್ಣು ಬಿಡಿಸಿ, ನೆಲಮಟ್ಟಕ್ಕಿಂತ 3–5 ಸೆಂ.ಮೀ. ಕೆಳಗೆ ತಾಯಿಬೇರು ಕತ್ತರಿಸಿ, ಪೊದೆಯನ್ನು ಬೇರು ಮೇಲಾಗಿ ತಲೆಕೆಳಗು ಮಾಡಿ ಒಣಗಲು ಬಿಡಿ. ಹಸಿ ಮಣ್ಣಿಗೆ ತಾಗಿದ ಕಾಂಡ ಬೇರು ಬಿಡಬಲ್ಲದು. ಕಾಯಿ ಕಟ್ಟುವ ಮುಂಚೆಯೇ ಇದು ಮುಗಿಯಬೇಕು. ಮಳೆಗೆ ಮಣ್ಣು ಮೆತ್ತಗಾದಾಗ ಲಂಟಾನ ಸಸಿಗಳನ್ನು ಕೈಯಲ್ಲೇ ಕೀಳಿ. ಮೊದಲು ಮರಗಳ ಬುಡಕ್ಕೆ ಹೋಗಿ. ಪಿಕಳಾರಗಳು ಹಣ್ಣು ತಿಂದು ಕೊಂಬೆಯ ಮೇಲೆ ಕೂತು ಬೀಜ ಉದುರಿಸುವುದು ಅಲ್ಲೇ. ಆಮೇಲೆ ಹಳ್ಳದ ದಂಡೆ. ಮಣ್ಣಿನಲ್ಲಿರುವ ಬೀಜ ವರ್ಷಗಟ್ಟಲೆ ಮೊಳೆಯುತ್ತಲೇ ಇರುತ್ತದೆ, ಆದ್ದರಿಂದ ಕನಿಷ್ಠ ಮೂರು ಮಳೆಗಾಲ ಮರುಭೇಟಿ ಬೇಕು. ಬಯಲಾದ ನೆಲಕ್ಕೆ ಸ್ಥಳೀಯ ಹುಲ್ಲಿನ ಬೀಜ ಚೆಲ್ಲದಿದ್ದರೆ ಜಾಗ ಮತ್ತೆ ಕಳೆಯ ಪಾಲೇ.

ಟ್ರಸ್ಟಿಗಳಿಗೆ ಕೊಡುವ ಬಜೆಟ್ಟಿನಲ್ಲಿ 'ಹೊಸ ಎಕರೆ', 'ಮರುಭೇಟಿ' ಎಂದು ಎರಡು ಕಾಲಂ ಮಾಡಿಸಿದೆವು, ಕೂಲಿ ದಿನಗಳ ಲೆಕ್ಕದಲ್ಲಿ. ಮರುಭೇಟಿಗೆ ಹಣವಿಲ್ಲದ ಎಕರೆಯನ್ನು ಮುಟ್ಟುವುದಿಲ್ಲ ಎಂಬ ವಾಕ್ಯವನ್ನು ಅವರೇ ಬರೆದರು. ಇನ್ನು ಅಳತೆ. ಪ್ರತಿ ಬದಿಗೆ 2 ಮೀಟರ್ ಇರುವ ಹತ್ತು ಚೌಕಗಳು, ನಾಲ್ಕು ಮೂಲೆಗೆ ಬಣ್ಣ ಹಚ್ಚಿದ ಗೂಟ. ವರ್ಷಕ್ಕೆ ಎರಡು ಸಲ, ಜುಲೈ ಮತ್ತು ನವೆಂಬರಿನಲ್ಲಿ, ಲಂಟಾನ ಸಸಿ ಎಷ್ಟು, ಹುಲ್ಲಿನ ಹೊದಿಕೆ ಎಷ್ಟು ಎಂದು ಬರೆಯುವುದು. ಗುರುತಿನ ಕಲ್ಲೊಂದರಿಂದ ಒಂದೇ ದಿಕ್ಕಿಗೆ ಫೋಟೋ. ಗೂಟ ನೆಡಲು ತಮಗೆ ಬೇಕಾದ ಜಾಗ ಆರಿಸಿಕೊಂಡರೆ ಲೆಕ್ಕ ಸುಳ್ಳಾಗುತ್ತದೆ; ಚೀಟಿ ಎತ್ತಿ ನಿರ್ಧರಿಸಲು ಹೇಳಿದೆವು.

ದೇಹ-ಮನಸ್ಸಿನ ಮಟ್ಟಿಗೆ: ವಾರಕ್ಕೊಂದು ದಿನ ಜಮೀನಿಗೆ ಹೋಗದಿರುವುದು, ಸಂಜೆ ಏಳರ ನಂತರ ಕೆಲಸದ ವಾಟ್ಸಾಪ್ ಗುಂಪು ಮುಚ್ಚುವುದು, ಕೂಲಿ ಬಟವಾಡೆಯ ಹೊಣೆಯನ್ನು ಕಚೇರಿಗೆ ಒಪ್ಪಿಸುವುದು. ಕೂಲಿ ತಡವಾದಾಗ ಬೈಗುಳ ತಿನ್ನುತ್ತಿದ್ದವರು ಇವರೇ; ಸಿಡುಕಿನ ಬಹುಪಾಲು ಅಲ್ಲಿಂದ ಬಂದದ್ದು. ಎಚ್ಚರವಾದ ಮೇಲೆ ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಬೇಕು, ಫೋನ್ ಮುಟ್ಟಬಾರದು. ತಂದೆಯೊಂದಿಗೆ ಕಾಡಿನ ಮಹತ್ವದ ವಾದಕ್ಕಿಳಿಯುವುದು ಬೇಡ, ಅವರಿಗಿರುವುದು ಮಗನ ಭವಿಷ್ಯದ ಚಿಂತೆ: ಸಂಬಳ, ಪಿಎಫ್, ಮುಂದಿನ ಐದು ವರ್ಷದ ದಾರಿ. ಆ ಪ್ರಶ್ನೆಗಳಿಗೆ ಟ್ರಸ್ಟ್‌ನಿಂದ ಲಿಖಿತ ಉತ್ತರ ಕೇಳುವುದು ಇವರ ಹಕ್ಕು. ಎರಡು ವಾರ ಕಳೆದರೂ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು, ಬದುಕು ಬೇಡ ಎನಿಸಿದರೆ ಕಾಯದೆ ಆ ಕ್ಷಣವೇ 14416ಕ್ಕೆ (ಟೆಲಿ-ಮಾನಸ್, ಉಚಿತ, ದಿನದ 24 ಗಂಟೆ) ಕರೆ ಮಾಡಬೇಕು ಎಂದು ಬರೆದು ಕೊಟ್ಟೆವು.

ಜುಲೈ ಎಣಿಕೆಯ ನಂತರ ಮತ್ತೆ ಬಂದರು. ಟ್ರಸ್ಟಿಗಳು ಆರರ ಬದಲು ಎರಡೇ ಹೊಸ ಎಕರೆಗೆ ಒಪ್ಪಿದ್ದಾರೆ. ಹತ್ತರಲ್ಲಿ ನಾಲ್ಕು ಚೌಕಗಳಲ್ಲಿ ಸಸಿ ಹೆಚ್ಚೇ ಇವೆ, ನಾಲ್ಕೂ ಮರದಡಿಯವು. ಅದನ್ನು ಹೇಳುವಾಗ ದನಿಯಲ್ಲಿ ಸೋಲಿರಲಿಲ್ಲ, ಎಲ್ಲಿಂದ ಶುರು ಮಾಡಬೇಕೆಂಬ ಲೆಕ್ಕವಿತ್ತು. ಪಿಎಚ್‌ಕ್ಯೂ-9 ಅಂಕ 4ಕ್ಕೆ ಇಳಿದಿದೆ. ಪಿಎಫ್ ಪ್ರಶ್ನೆಗೆ ಟ್ರಸ್ಟ್ ಇನ್ನೂ ಉತ್ತರಿಸಿಲ್ಲ. ಉತ್ತರ ಬಾರದಿದ್ದರೆ ಮಾರ್ಚ್‌ನಲ್ಲಿ ಬೇರೆ ಕೆಲಸ ಹುಡುಕುವ ಆಯ್ಕೆಯನ್ನೂ ಮುಂದಿನ ಭೇಟಿಯಲ್ಲಿ ಚರ್ಚಿಸಲಿದ್ದೇವೆ.