ಬೆಳಕಿಗೆ ಬೆಳಕು ಸೇರಿ ಕತ್ತಲೆ

ಪ್ರಶ್ನೆ: ಎರಡು ದೂರದರ್ಶಕಗಳ ಬೆಳಕನ್ನು ಕೂಡಿಸಿ ನಕ್ಷತ್ರವನ್ನು ಮರೆಮಾಡಿ, ಅದರ ಗ್ರಹವನ್ನು ನೋಡಬಹುದೆಂದು ಓದಿದೆ. ಬೆಳಕಿಗೆ ಬೆಳಕು ಸೇರಿದರೆ ಕತ್ತಲೆ ಹೇಗಾಗುತ್ತದೆ? ಆ ಬೆಳಕು ಎಲ್ಲಿಗೆ ಹೋಗುತ್ತದೆ? ಗ್ರಹವೂ ಏಕೆ ಮರೆಯಾಗುವುದಿಲ್ಲ?
— ಒಬ್ಬ ಓದುಗರು, ಸಾಗರ

ಉತ್ತರ: ಬೆಳಕು ಅಲೆಯಂತೆ ಸಾಗುತ್ತದೆ. ಒಂದು ದೂರದರ್ಶಕದಿಂದ ಬಂದ ಅಲೆಯನ್ನು ಅರ್ಧ ತರಂಗಾಂತರದಷ್ಟು ಹಿಂದಕ್ಕೆ ಬೀಳಿಸಿ ಇನ್ನೊಂದರ ಅಲೆಯೊಡನೆ ಕೂಡಿಸಿದರೆ, ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಕೂತು ಎರಡೂ ಅಡಗುತ್ತವೆ. ಇದಕ್ಕೆ ವ್ಯತಿಕರಣವೆಂದು ಹೆಸರು. ನಿಮ್ಮ ಎರಡನೆಯ ಪ್ರಶ್ನೆ ಬಹಳ ಒಳ್ಳೆಯದು, ಏಕೆಂದರೆ ಬೆಳಕು ಇಲ್ಲಿ ನಾಶವಾಗುವುದೇ ಇಲ್ಲ. ಎರಡೂ ಕಿರಣಗಳು ಸೇರುವುದು ಅರ್ಧ ಬೆಳಕನ್ನು ಹಾಯಗೊಟ್ಟು ಅರ್ಧವನ್ನು ಹಿಂದಿರುಗಿಸುವ ಗಾಜಿನ ಫಲಕದ ಮೇಲೆ. ಅದರಿಂದ ಹೊರಬೀಳಲು ಎರಡು ದಾರಿಗಳಿದ್ದು, ಒಂದರಲ್ಲಿ ನಕ್ಷತ್ರ ಕತ್ತಲಾದಾಗ ಅದರ ಬೆಳಕೆಲ್ಲ ಇನ್ನೊಂದರಲ್ಲಿ ಹೊರಬರುತ್ತದೆ. ನಾವು ಕತ್ತಲಾದ ದಾರಿಯಲ್ಲಿ ಗ್ರಹವನ್ನು ಹುಡುಕುತ್ತೇವೆ.

ಗ್ರಹ ನಕ್ಷತ್ರದಿಂದ ತುಸು ಪಕ್ಕಕ್ಕಿರುವುದರಿಂದ ಅದರ ಬೆಳಕು ಒಂದು ದೂರದರ್ಶಕವನ್ನು ಮುಟ್ಟಲು ಕೊಂಚ ಹೆಚ್ಚು ದೂರ ಸಾಗಬೇಕು. ಸುಮಾರು 33 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಸೂರ್ಯನಿಗೂ ಭೂಮಿಗೂ ನಡುವಿನ ಅಂತರ 0.1 ಆರ್ಕ್ ಸೆಕೆಂಡ್ ಮಾತ್ರ (ಒಂದು ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿ ಕೋನದ 3600ರಲ್ಲಿ ಒಂದು ಪಾಲು). ಆದರೂ ದೂರದರ್ಶಕಗಳನ್ನು 10 ಮೀಟರ್ ಅಂತರದಲ್ಲಿಟ್ಟರೆ ಆ ಹೆಚ್ಚುವರಿ ದೂರ ಸುಮಾರು 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಗುತ್ತದೆ. 10 ಮೈಕ್ರಾನ್ ಉದ್ದದ, ಕಣ್ಣಿಗೆ ಕಾಣದ ಅವಕೆಂಪು ಅಲೆಗೆ ಇದು ಹೆಚ್ಚುಕಡಿಮೆ ಅರ್ಧ ತರಂಗಾಂತರ; ನಾವು ಹಿಂದಕ್ಕೆ ಬೀಳಿಸಿದ ಅರ್ಧವನ್ನು ಇದು ಸರಿದೂಗಿಸುವುದರಿಂದ ಗ್ರಹದ ಅಲೆಗಳು ಉಬ್ಬಿನ ಮೇಲೆ ಉಬ್ಬಾಗಿ ಕೂಡಿ ಉಳಿದುಕೊಳ್ಳುತ್ತವೆ. ಅವಕೆಂಪನ್ನೇ ಆರಿಸುವುದಕ್ಕೆ ಬಲವಾದ ಕಾರಣವಿದೆ: ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸೂರ್ಯ ಭೂಮಿಗಿಂತ ಸುಮಾರು ಸಾವಿರ ಕೋಟಿ ಪಟ್ಟು ಪ್ರಖರವಾದರೆ, ಇಲ್ಲಿ ಆ ಅಂತರ ಸುಮಾರು ಒಂದು ಕೋಟಿಗೆ ಇಳಿಯುತ್ತದೆ.

ಈ ಉಪಾಯವನ್ನು 1978ರಲ್ಲಿ ಮುಂದಿಟ್ಟವರು ರೇಡಿಯೊ ಖಗೋಳ ವಿಜ್ಞಾನಿ ರೊನಾಲ್ಡ್ ಬ್ರೇಸ್‌ವೆಲ್. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅರಿಜೋನಾದ ಬಹುಕನ್ನಡಿ ದೂರದರ್ಶಕದ ಎರಡು ಕನ್ನಡಿಗಳನ್ನು ಬಳಸಿ, ನಮ್ಮ ಪಂಚಾಂಗದ ಆರಿದ್ರಾ ನಕ್ಷತ್ರದ ಬೆಳಕನ್ನು ಹೀಗೆ ಅಡಗಿಸಿದಾಗ ಅದರ ಸುತ್ತಲಿನ ಧೂಳು ಕಾಣಿಸಿತು. ಆ ಚಿತ್ರವನ್ನು ತಿಳಿದ ಮೇಲೆ ಮಳೆಗಾಲದ ಆರಿದ್ರಾ ನನಗೆ ಬೇರೆಯಾಗಿಯೇ ತೋರುತ್ತದೆ.

ಆದರೆ ಕೆಲಸ ಸುಲಭದ್ದಲ್ಲ. ನಕ್ಷತ್ರದ ಬೆಳಕನ್ನು ಲಕ್ಷದಲ್ಲೊಂದು ಪಾಲಿಗೆ ಇಳಿಸುವುದಕ್ಕೇ ಎರಡೂ ಕಿರಣಗಳ ದಾರಿ ಸುಮಾರು 10 ನ್ಯಾನೊಮೀಟರಿನೊಳಗೆ, ಅಂದರೆ ಮೈಕ್ರಾನಿನ ನೂರರಲ್ಲೊಂದು ಪಾಲಿನೊಳಗೆ, ಹೊಂದಿರಬೇಕು. ನೆಲದ ಮೇಲೆ ಗಾಳಿಯೂ ದೂರದರ್ಶಕವೂ ತಮ್ಮ ಬಿಸಿಯಿಂದಲೇ ಇದೇ ಅವಕೆಂಪಿನಲ್ಲಿ ಹೊಳೆಯುತ್ತವೆ. ಆದ್ದರಿಂದ ಜೂರಿಕ್‌ನ ಇಟಿಎಚ್ ಸಂಸ್ಥೆಯ ನೇತೃತ್ವದ ‘ಲೈಫ್’ ಯೋಜನೆ ಬಾಹ್ಯಾಕಾಶದಲ್ಲಿ ಜೊತೆಯಾಗಿ ಹಾರುವ ದೂರದರ್ಶಕಗಳನ್ನು ಕಲ್ಪಿಸಿಕೊಂಡಿದೆ. ಭೂಮಿಯಂಥ ಗ್ರಹದ ಗಾಳಿಯಲ್ಲಿ ಓಝೋನ್ ಇದ್ದರೆ, ಅದರ ಗುರುತು ಬೀಳುವುದೂ 9.6 ಮೈಕ್ರಾನಿನ ಬಳಿ, ಅಂದರೆ ಇದೇ ಬೆಳಕಿನಲ್ಲಿ.